ಹಂಚಿನ ಮೇಲಿನ 1865 ಮತ್ತು ಭಾನುವಾರದ ರಜೆ

ಪ್ರಶ್ನೆ: ಅಜ್ಜನ ಮನೆಯ ಮಾಡು ಬಿಚ್ಚಿಸಿದಾಗ ಹಂಚಿನಲ್ಲಿ ‘ಬಾಸೆಲ್ ಮಿಶನ್, 1865’ ಎಂಬ ಇಂಗ್ಲಿಷ್ ಅಚ್ಚು ಕಂಡಿತು. ಹಂಚು ಅಷ್ಟು ಹಳೆಯದಾ? ಕಾರ್ಖಾನೆ ಕೆಲಸದವರಿಗೆ ಭಾನುವಾರದ ರಜೆ ಕೊಡಿಸಿದ್ದು ಮಿಶನ್‌ನವರೇ ಅಂತಾರೆ, ನಿಜವಾ? ಈ ಹಂಚನ್ನು ಮತ್ತೆ ಹೊದೆಸಬಹುದಾ?
– ಓದುಗರೊಬ್ಬರು, ಕಾಪು

ಉತ್ತರ: ಬಾಸೆಲ್ ಮಿಶನ್ ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನ್. 1865 ಅದರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಅದನ್ನು ಶುರು ಮಾಡಿದರು. ಅಚ್ಚಿನಲ್ಲಿ ಅದೇ ಇಸವಿ ಮುಂದೆ ಎಷ್ಟೋ ವರ್ಷ ಉಳಿಯಿತು. ಅಜ್ಜ ಮನೆ ಕಟ್ಟಿಸಿದ್ದು ಯಾವಾಗ ಅಂತ ವಿಚಾರಿಸಿ, ಹಂಚಿನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಮತಾಂತರವಾಗಿ ಮಿಶನ್ ಸೇರಿದವರಲ್ಲಿ ಶೇಂದಿ ಇಳಿಸುವ ಕಸುಬಿನ ಬಿಲ್ಲವರು ಜಾಸ್ತಿ. ಸೇರಿದ ಮೇಲೆ ಆ ಕಸುಬು ಮಾಡುವ ಹಾಗಿರಲಿಲ್ಲ. ಜಾತಿಯವರು ಹೊರಗಿಡುತ್ತಿದ್ದರು. ಹೊಟ್ಟೆಪಾಡಿಗೆ ಏನಾದರೂ ಬೇಕಲ್ಲ? ಅದಕ್ಕೇ ಮೊದಲು ನೇಯ್ಗೆ, ಆಮೇಲೆ ಹಂಚು.

ಭಾನುವಾರ ಪ್ರಾರ್ಥನೆಯ ದಿನ, ಹಾಗಾಗಿ ಮಿಶನ್ ಕಾರ್ಖಾನೆ ಬಾಗಿಲು ಹಾಕುತ್ತಿತ್ತು. ಆದರೆ ಎಲ್ಲರಿಗೂ ರಜೆ ಬಂದದ್ದು ಅಲ್ಲಿಂದಲ್ಲ. ಮುಂಬಯಿಯ ಗಿರಣಿ ಕೆಲಸಗಾರರು ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರ ಜೊತೆ ನಿಂತು 1890ರಲ್ಲಿ ವಾರದ ರಜೆ ಪಡೆದರು. ಮರುವರ್ಷ ಅದು ಕಾಯಿದೆಗೂ ಬಂತು. ಅದೇ ಕಾಯಿದೆಯಲ್ಲಿ ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ, 9 ವರ್ಷದ ಒಳಗಿನ ಮಕ್ಕಳಿಗೆ ಕೆಲಸವಿಲ್ಲ. ಬ್ರಿಟಿಷರಿಗೆ ನಮ್ಮ ಮೇಲೆ ಕನಿಕರ ಉಕ್ಕಿ ಬಂತು ಅಂದುಕೊಳ್ಳಬೇಡಿ! ಇಲ್ಲಿನ ಅಗ್ಗದ ಬಟ್ಟೆ ಕಂಡು ಇಂಗ್ಲೆಂಡಿನ ಲಂಕಾಶೈರ್‌ನ ಬಟ್ಟೆ ಗಿರಣಿ ಮಾಲೀಕರಿಗೆ ಹೊಟ್ಟೆ ಉರಿದಿತ್ತು. ಅವರ ಒತ್ತಾಯವೂ ಕಾಯಿದೆಯ ಹಿಂದೆ ಇತ್ತು. ವಾರಕ್ಕೆ 60 ಗಂಟೆಯ ಮಿತಿ ಬರಲು 1922 ಆಗಬೇಕಾಯಿತು.

ನನ್ನ ಅಮ್ಮ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಯಾವುದು ಅಂತ ಬೇಡ. ಹೊಳೆಬದಿಯಿಂದ ದೋಣಿಯಲ್ಲಿ ಬಂದ ಆವೆಮಣ್ಣು ಹೊರುವುದು, ಅಚ್ಚಿನಿಂದ ತೆಗೆದ ಹಸಿ ಹಂಚನ್ನು ಒಣಗಲು ಸಾಗಿಸುವುದು ಹೆಂಗಸರ ಪಾಲು. ಸಿಂಬಿ ಇಡುವ ಜಾಗದಲ್ಲಿ ಅಮ್ಮನ ಕೂದಲು ಸವೆದು ನೆತ್ತಿ ಕಾಣುತ್ತಿತ್ತು. ಹಂಚು ಬಿದ್ದು ಒಡೆದರೆ ಕೂಲಿಯಲ್ಲಿ ಹಿಡಿಯುತ್ತಿದ್ದರು. ಭಾನುವಾರ ಅಮ್ಮ ಏನು ಮಾಡುತ್ತಿದ್ದರು ಗೊತ್ತಾ? ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಕಾಯಿದೆಯ ರಜೆ ಗೇಟಿನವರೆಗೆ ಮಾತ್ರ, ಅಲ್ವಾ?

ಇನ್ನು ಹಂಚು ಮತ್ತೆ ಬಳಸುವ ವಿಷಯ. ಧಾರಾಳವಾಗಿ ಬಳಸಿ. ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ ಇದೆ. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ, ಪಕ್ಕಕ್ಕಿಡಿ. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಸಿಕೊಳ್ಳಿ.