ರಿವರ್ಸ್‌ಗೆ ಹಾಕಿದಾಗ ‘ಧಡ್’: ಗೇರ್‌ಬಾಕ್ಸ್ ಬಿಚ್ಚಿಸಲೇ?

ಪ್ರಶ್ನೆ: ನನ್ನದು 8 ವರ್ಷ ಹಳೆಯ ಪೆಟ್ರೋಲ್ ಆಟೊಮ್ಯಾಟಿಕ್ ಕಾರು, ಫ್ರಂಟ್ ವೀಲ್ ಡ್ರೈವ್. 90,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಲಿವರ್ ಅನ್ನು ‘ಪಿ’ಯಿಂದ (ಪಾರ್ಕಿಂಗ್) ‘ಆರ್’ಗೆ (ರಿವರ್ಸ್) ತಂದ ಕೂಡಲೇ ಮುಂದಿನ ಭಾಗದಿಂದ ‘ಧಡ್’ ಎಂದು ಒಂದೇ ಒಂದು ಸದ್ದು ಬರುತ್ತಿದೆ. ಬೆಳಗ್ಗೆ ಜಾಸ್ತಿ. ‘ಡಿ’ಗೆ (ಡ್ರೈವ್) ಹಾಕಿದರೆ ಏನೂ ಇಲ್ಲ. ಓಡಿಸುವಾಗ ಗೇರ್‌ಗಳು ನಯವಾಗಿಯೇ ಬದಲಾಗುತ್ತವೆ. ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?

ಉತ್ತರ: ಬೇಡ, ಈಗಲೇ ಬೇಡ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಸದ್ದು ಲಿವರ್ ತಂದ ‘ಕೂಡಲೇ’ ಬರುತ್ತದೆ, ‘ಆರ್’ನಲ್ಲಿ ಮಾತ್ರ ಬರುತ್ತದೆ, ಓಡಿಸುವಾಗ ತೊಂದರೆ ಇಲ್ಲ. ಈ ಮೂರೂ ಒಟ್ಟಿಗೆ ಇದ್ದಾಗ ನಾನು ಮೊದಲು ನೋಡುವುದು ಎಂಜಿನ್ ಮೌಂಟಿಂಗ್‌ಗಳನ್ನು.

ಕಾರಣ ಸರಳ. ನಿಮ್ಮಂಥ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಅಡ್ಡಲಾಗಿ ಕೂತಿರುತ್ತವೆ. ಅವೆರಡೂ ಸೇರಿ ಮೂರೋ ನಾಲ್ಕೋ ರಬ್ಬರ್ ಮೌಂಟ್‌ಗಳ ಮೇಲೆ ನಿಂತಿರುತ್ತವೆ. ‘ಡಿ’ಗೆ ಹಾಕಿದಾಗ ಎಂಜಿನ್ ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ‘ಆರ್’ಗೆ ಹಾಕಿದಾಗ ಮುಂದಕ್ಕೆ. ರಬ್ಬರ್ ಚೆನ್ನಾಗಿದ್ದರೆ ಈ ತಳ್ಳಾಟವನ್ನು ಅದೇ ನುಂಗಿಕೊಳ್ಳುತ್ತದೆ. ಹರಿದಿದ್ದರೆ ಲೋಹ ಹೋಗಿ ಲೋಹಕ್ಕೆ ಬಡಿಯುತ್ತದೆ. ಹರಿದಿರುವುದು ಒಂದೇ ಬದಿಯಾದರೆ ಸದ್ದು ಒಂದೇ ದಿಕ್ಕಿಗೆ ಬರುತ್ತದೆ. ‘ಡಿ’ಯಲ್ಲಿ ಸುಮ್ಮನಿದ್ದು ‘ಆರ್’ನಲ್ಲಿ ಮಾತ್ರ ಬಡಿಯುವುದು ಹೀಗೆ.

ಬೆಳಗ್ಗೆ ಯಾಕೆ ಜಾಸ್ತಿ? ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) 1,200ರ ಆಸುಪಾಸಿನಲ್ಲಿ, ಕೆಲವು ಕಾರುಗಳಲ್ಲಿ ಇನ್ನೂ ಮೇಲೆ ಇರುತ್ತದೆ. ಬಿಸಿಯಾದ ಮೇಲೆ 700–800ಕ್ಕೆ ಇಳಿಯುತ್ತದೆ. ಕಾರು ನಿಂತಿರುವಾಗ ಆರ್‌ಪಿಎಂ ಒಂದೂವರೆ ಪಟ್ಟಾದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ತಳ್ಳುವ ಬಲ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ. ಅಂದರೆ ಅದೇ ಹರಿದ ರಬ್ಬರ್‌ಗೆ ಬೆಳಗ್ಗೆ ಬೀಳುವ ಏಟು ದೊಡ್ಡದು. ಹಾಗಾಗಿ ನಾಳೆಯೇ ಒಂದು ಕೆಲಸ ಮಾಡಿ. ಸ್ಟಾರ್ಟ್ ಮಾಡಿ, ಆರ್‌ಪಿಎಂ ಮುಳ್ಳು ಕೆಳಗಿಳಿಯುವವರೆಗೆ ಕಾಯಿರಿ, ಆಮೇಲೆ ‘ಆರ್’ಗೆ ಹಾಕಿ. ಸದ್ದು ಮೆತ್ತಗಾದರೆ ಮೌಂಟ್ ಮೇಲಿನ ಅನುಮಾನ ಗಟ್ಟಿಯಾಯಿತು. ಬಿಸಿಯಾದ ಮೇಲೂ ಆರ್‌ಪಿಎಂ 1,000ದಿಂದ ಕೆಳಗೆ ಬರುತ್ತಿಲ್ಲವೇ? ಹಾಗಾದರೆ ಮೊದಲು ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗ) ಕ್ಲೀನ್ ಮಾಡಿಸಿ, ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ನೋಡಿಸಿ.

ಮೌಂಟ್ ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಬಾನೆಟ್ ಎತ್ತಿ. ಒಳಗೆ ಕೂತವರು ಬ್ರೇಕನ್ನು ಬಲವಾಗಿ ಒತ್ತಿಕೊಂಡೇ ‘ಎನ್’ (ನ್ಯೂಟ್ರಲ್), ‘ಆರ್’, ‘ಎನ್’, ‘ಡಿ’ ಎಂದು ನಿಧಾನವಾಗಿ ಬದಲಿಸಲಿ. ಆಕ್ಸಿಲರೇಟರ್ ಮುಟ್ಟುವುದೇ ಬೇಡ. ನೋಡುವವರು ಕಾರಿನ ಪಕ್ಕದಲ್ಲಿ ನಿಲ್ಲಬೇಕು. ಮುಂದೆಯೂ ಬೇಡ, ಹಿಂದೆಯೂ ಬೇಡ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೇಕ್ ಮೇಲಿನ ಕಾಲು ಒಂದು ಕ್ಷಣ ಜಾರಿದರೂ ಸಾಕು. ಕೈ, ಬಟ್ಟೆಯ ತುದಿ ಫ್ಯಾನ್ ಹತ್ತಿರ ಹೋಗಬಾರದು, ಅದು ಯಾವಾಗ ಬೇಕಾದರೂ ತಿರುಗಲು ಶುರು ಮಾಡುತ್ತದೆ. ಎಂಜಿನ್ ಸ್ವಲ್ಪ ಅಲುಗಾಡುವುದು ಸಹಜ. ಆದರೆ ‘ಆರ್’ಗೆ ಬಂದ ಕ್ಷಣ ಒಂದು ಬದಿ ಎದ್ದು ಕುಳಿತಂತೆ ಕಂಡರೆ, ಅದೇ ಕ್ಷಣಕ್ಕೆ ‘ಧಡ್’ ಕೇಳಿದರೆ, ಕಳ್ಳ ಸಿಕ್ಕಿದ ಹಾಗೆ.

ಇಂಥದೇ ಕಾರೊಂದು ನನ್ನ ಹತ್ತಿರ ಬಂದಿತ್ತು. ಅದರ ಗೇರ್‌ಬಾಕ್ಸ್ ಅನ್ನು ಬೇರೆ ಕಡೆ ಒಮ್ಮೆ ಇಳಿಸಿ ಏರಿಸಿಯೂ ಆಗಿತ್ತು. ಸದ್ದು ಮಾತ್ರ ಹಾಗೇ ಇತ್ತು. ಮೇಲಿನ ಮೌಂಟ್‌ಗಳು ಚೆನ್ನಾಗಿಯೇ ಕಂಡವು. ಕಾರು ಲಿಫ್ಟ್ ಮೇಲೇರಿಸಿ ಕೆಳಗಿನಿಂದ ನೋಡಿದೆ. ಗೇರ್‌ಬಾಕ್ಸ್‌ನಿಂದ ಸಬ್‌ಫ್ರೇಮ್‌ಗೆ (ಕಾರಿನ ಅಡಿಯಲ್ಲಿರುವ ಲೋಹದ ಚೌಕಟ್ಟು) ಹೋಗುವ ಗಿಡ್ಡ ತೋಳಿನಂಥ ಮೌಂಟ್ ಒಂದಿರುತ್ತದೆ, ನೋಡಲು ಮೂಳೆಯ ಹಾಗಿರುತ್ತದೆ. ಮೇಲಿನಿಂದ ಅದು ಕಾಣುವುದೇ ಇಲ್ಲ. ಕಬ್ಬಿಣದ ಸಲಾಕೆ ಕೊಟ್ಟು ಮೆಲ್ಲಗೆ ಮೀಟಿದೆ. ಅದರ ರಬ್ಬರ್ ಬಾಯಿ ತೆರೆದ ಹಾಗೆ ತೆರೆದುಕೊಂಡಿತು, ಸಲಾಕೆ ಬಿಟ್ಟ ಕೂಡಲೇ ಮುಚ್ಚಿಕೊಂಡಿತು. ಸೀಳಿನ ಒಳಗೆ ಲೋಹ ತಾಗಿ ತಾಗಿ ಹೊಳೆಯುತ್ತಿತ್ತು. ಹೊಸದು ಹಾಕಲು ಒಂದು ಗಂಟೆಯೂ ಬೇಕಾಗಲಿಲ್ಲ. ಆ ಮಾಲೀಕರು ಗೇರ್‌ಬಾಕ್ಸ್‌ಗೆ ಸುರಿದ ದುಡ್ಡು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ನಿಮ್ಮ ಮೆಕ್ಯಾನಿಕ್‌ಗೆ ಹೇಳಿ: ಮೇಲಿನದಷ್ಟೇ ಅಲ್ಲ, ಕೆಳಗಿನದನ್ನೂ ಮೀಟಿ ತೋರಿಸಿ. ಒಳಗೆ ದ್ರವ ತುಂಬಿದ ಮೌಂಟ್‌ಗಳೂ ಇರುತ್ತವೆ. ಅವುಗಳ ಬುಡದಲ್ಲಿ ಕಪ್ಪಗೆ ಒದ್ದೆ ಕಂಡರೆ ಅದು ಸೋರಿ ಹೋಗಿದೆ ಎಂದೇ ಲೆಕ್ಕ.

ಮೌಂಟ್‌ಗಳೆಲ್ಲ ಸರಿ ಇದ್ದರೆ ಆಗ ಸದ್ದು ಬರುವ ಹೊತ್ತನ್ನು ಇನ್ನಷ್ಟು ಗಮನವಿಟ್ಟು ಕೇಳಬೇಕು. ಬ್ರೇಕ್ ಒತ್ತಿಕೊಂಡು ಲಿವರ್ ತಂದಾಗ ಸದ್ದಿಲ್ಲ, ಕಾರು ಹಿಂದಕ್ಕೆ ಚಲಿಸಿ ಮೊದಲ ಸಲ ಬ್ರೇಕ್ ಹಾಕಿದಾಗ ‘ಟಕ್’ ಅನ್ನುತ್ತದೆ ಎಂದಾದರೆ, ಅದು ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಸರಿಯುವ ಸದ್ದು, ಇಲ್ಲವೇ ಸಸ್ಪೆನ್ಷನ್ ತೋಳಿನ ಬುಷ್ (ಕೀಲಿನ ರಬ್ಬರ್). ಗೇರ್‌ಬಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಚಕ್ರ ಎಳೆಯುವ ಗಾಡಿ ಇರುವವರು ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಯು.ಜೆ. ಕ್ರಾಸ್ (ಶಾಫ್ಟ್‌ನ ಕೀಲು) ನೋಡಿಸಬೇಕು. ಅದರ ಕಪ್ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಬೇರಿಂಗ್ ಒಣಗಿದೆ.

ಗೇರ್‌ಬಾಕ್ಸ್ ಮೇಲೆ ನಿಜವಾಗಿ ಅನುಮಾನ ಪಡಬೇಕಾದದ್ದು ಯಾವಾಗ? ತಡವಾದಾಗ. ‘ಆರ್’ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಒದ್ದ ಹಾಗೆ ಗೇರ್ ಹಿಡಿಯುತ್ತದೆ ಎಂದಾದರೆ ಒಳಗೆ ಎಣ್ಣೆಯ ಒತ್ತಡ ಸರಿಯಾಗಿ ಸಿಗುತ್ತಿಲ್ಲ. ಎಣ್ಣೆ ಕಡಿಮೆಯಾಗಿರಬಹುದು, ಸೀಲ್ ಗಟ್ಟಿಯಾಗಿರಬಹುದು, ಎಣ್ಣೆಯನ್ನು ಬೇಕಾದ ಕಡೆ ತಿರುಗಿಸುವ ವಾಲ್ವ್ ಬಾಡಿಯಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದು. ಆಗಲೂ ಬಿಚ್ಚುವ ಮೊದಲು ಎಣ್ಣೆ ನೋಡಿ. ಒಂದು ಹನಿ ಬಿಳಿ ಕಾಗದದ ಮೇಲೆ ಬೀಳಿಸಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆದರೆ, ಹೊಳೆಯುವ ಲೋಹದ ಚೂರು ಕಂಡರೆ ಒಳಗೆ ಸವೆತ ಶುರುವಾಗಿದೆ. ಬದಲಿಸುವುದಾದರೆ ಕಾರಿನ ಕೈಪಿಡಿಯಲ್ಲಿ ಬರೆದಿರುವ ಎಣ್ಣೆಯನ್ನೇ ಹಾಕಿಸಿ. ಸಿವಿಟಿ (ಗೇರ್‌ಗಳ ಬದಲು ಬೆಲ್ಟ್ ಮೇಲೆ ನಡೆಯುವ) ಗೇರ್‌ಬಾಕ್ಸ್‌ನ ಎಣ್ಣೆಯೇ ಬೇರೆ. ‘ಎಲ್ಲದಕ್ಕೂ ಇದೇ ನಡೆಯುತ್ತದೆ’ ಎನ್ನುವ ಮಾತು ನಂಬಬೇಡಿ. ಸ್ಕ್ಯಾನರ್ ಹಾಕಿಸಿ, ಕಾರಿನ ಕಂಪ್ಯೂಟರ್‌ನಲ್ಲಿ ದೋಷದ ಕೋಡ್ ಇದೆಯೇ ಎಂದೂ ನೋಡಿಸಿ.

ನಿಮ್ಮ ಕಾರಿನಲ್ಲಿ ಆ ತಡ ಇಲ್ಲ ಅಲ್ವಾ? ಹಾಗಾದರೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ, ಮೌಂಟ್‌ಗಳನ್ನು ನೀವೇ ಪಕ್ಕದಲ್ಲಿ ನಿಂತು ನೋಡಿ. ಹರಿದಿದ್ದರೆ ಬೇಗ ಬದಲಿಸಿ. ಒಂದು ಮೌಂಟ್ ಹೋದರೆ ಅದರ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ.

ಪ್ರಶ್ನೆ: ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ‘ಪಿ’ಯಿಂದ ಲಿವರ್ ಎಳೆಯುವುದೇ ಕಷ್ಟ, ಎಳೆದರೆ ‘ಠಣ್’ ಎನ್ನುತ್ತದೆ. ಇದೂ ಮೌಂಟ್ ತೊಂದರೆಯೇ?

ಉತ್ತರ: ಅಲ್ಲ. ‘ಪಿ’ಯಲ್ಲಿ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಇಡೀ ಕಾರಿನ ಭಾರ ಆ ಕೊಕ್ಕೆಯ ಮೇಲೆ ನೇತಾಡುತ್ತಿದೆ. ನಿಲ್ಲಿಸುವಾಗ ಬ್ರೇಕ್ ಒತ್ತಿಕೊಂಡು ‘ಎನ್’ಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾಲಿನ ಬ್ರೇಕ್ ನಿಧಾನವಾಗಿ ಸಡಿಲಿಸಿ. ಕಾರು ಒಂದಿಷ್ಟು ಸರಿದು ಹ್ಯಾಂಡ್ ಬ್ರೇಕ್ ಮೇಲೆ ಕೂರುತ್ತದೆ. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಹೊರಡುವಾಗ ಮೊದಲು ಕಾಲಿನ ಬ್ರೇಕ್, ಆಮೇಲೆ ‘ಪಿ’ಯಿಂದ ಲಿವರ್, ಕೊನೆಗೆ ಹ್ಯಾಂಡ್ ಬ್ರೇಕ್ ಬಿಡಿ.