ತೊಗಲಿನ ಪಟ್ಟಿ ಕಟ್ಟಿದರೂ ರೈಫಲ್ ಅಲುಗುವುದೇಕೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಎನ್‌ಸಿಸಿಯಲ್ಲಿ .22 ರೈಫಲ್ ಹಾರಿಸಿದ ಮೇಲೆ ಇದರ ರುಚಿ ಹತ್ತಿತು. ಈಗ ಕೋಚ್ ಹತ್ತಿರ 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವುದನ್ನು ಕಲಿಯುತ್ತಿದ್ದೇನೆ. ಸೈನ್ಯದಲ್ಲಿದ್ದ ನಮ್ಮ ಕಾಕಾ ತಮ್ಮ ಹಳೆಯ ತೊಗಲಿನ ಸ್ಲಿಂಗ್, ಅಂದರೆ ರೈಫಲ್ಲನ್ನು ತೋಳಿಗೆ ಆನಿಸಿ ಕಟ್ಟುವ ಪಟ್ಟಿ ಕೊಟ್ಟಿದ್ದಾರೆ. ಅದನ್ನು ಕಟ್ಟಿದರೂ ಗ್ರೂಪಿಂಗ್ ಹರಡುತ್ತದೆ, ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ. ಬಿಗಿ ಮಾಡಿದರೆ ಬೆರಳು ಜೋಮು ಹಿಡಿಯುತ್ತವೆ, ಗುರಿ ಎದೆಬಡಿತಕ್ಕೆ ತಕ್ಕಂತೆ ಕುಣಿಯುತ್ತದೆ. ನೈಲಾನ್ ಸ್ಲಿಂಗ್ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಕಾಕಾ ಕೊಟ್ಟ ಪಟ್ಟಿ ಒಳ್ಳೆಯದೇ. ನೀವು ಅದರಿಂದ ರೈಫಲ್ಲನ್ನು ಬಿಗಿಯಾಗಿ ಕಟ್ಟಿಹಾಕಲು ನೋಡುತ್ತಿದ್ದೀರಿ. ಸ್ಲಿಂಗ್ ಇರುವುದು ಅದಕ್ಕಲ್ಲ. ಎಡಗೈ ಸ್ನಾಯು ಮಾಡುವ ಕೆಲಸವನ್ನು ಪಟ್ಟಿಗೆ ಒಪ್ಪಿಸುವುದಕ್ಕೆ. ಸ್ನಾಯು ದಣಿಯುತ್ತದೆ, ನಡುಗುತ್ತದೆ. ಎಲುಬು, ತೊಗಲು ನಡುಗುವುದಿಲ್ಲ.

ಲೆಕ್ಕ ನೋಡಿ. ರೈಫಲ್ಲಿನ ಹಿಂತುದಿ, ಅಂದರೆ ಬಟ್, ಭುಜದಲ್ಲಿದೆ, ನಳಿಗೆಯ ತುದಿ ಅಲ್ಲಿಂದ ಹೆಚ್ಚುಕಮ್ಮಿ 1 ಮೀಟರ್ ಮುಂದಿದೆ. ಆ ತುದಿ 1 ಮಿಲಿಮೀಟರ್ ಸರಿದರೆ 50 ಮೀಟರ್ ಆಚೆ ಗುಂಡು ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಟಾರ್ಗೆಟ್‌ನಲ್ಲಿ ಹತ್ತು ಅಂಕ ಸಿಗುವ ನಡುವಿನ ವೃತ್ತ ಅಗಲ ಇರುವುದೇ 10.4 ಮಿಲಿಮೀಟರ್!

ನೀವು ಬಲಗೈಯವರು ಎಂದುಕೊಂಡು ಹೇಳುತ್ತೇನೆ. ಮೊದಲು ರೈಫಲ್ ಖಾಲಿ ಇದೆಯೇ ಎಂದು ಕೋಚ್ ಎದುರು ಬೋಲ್ಟ್ ತೆರೆದು ನೋಡಿ. ಪಟ್ಟಿಯ ಕುಣಿಕೆಯನ್ನು ಎಡತೋಳಿಗೆ ಏರಿಸಿ. ಎಲ್ಲಿಯವರೆಗೆ? ಉಬ್ಬಿದ ಸ್ನಾಯು ದಾಟಿ ಕಂಕುಳಿನ ಹತ್ತಿರದವರೆಗೆ. ನಿಮ್ಮ ಎರಡು ತೊಂದರೆಗಳ ಮೂಲ ಬಹುತೇಕ ಇಲ್ಲೇ ಇದೆ. ತೋಳಿನ ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಕುಣಿಕೆ ಅದನ್ನು ಒತ್ತಿದರೆ ನಾಡಿಬಡಿತ ಪಟ್ಟಿಗುಂಟ ರೈಫಲ್ಲಿಗೆ ಹೋಗುತ್ತದೆ, ಬೆರಳಿಗೂ ರಕ್ತ ಸರಿಯಾಗಿ ಹರಿಯುವುದಿಲ್ಲ. ಎಳೆತ ತೋಳಿನ ಹೊರಮಗ್ಗುಲಿನಿಂದ ಬರುವಂತೆ ಕುಣಿಕೆ ತಿರುಗಿಸಿ. ತೆಳು ಅಂಗಿಯ ಮೇಲೆ ಕಟ್ಟಬೇಡಿ. ಶೂಟಿಂಗ್ ಜಾಕೆಟ್ ಇಲ್ಲದಿದ್ದರೆ ಒಳಗೆ ದಪ್ಪ ಸ್ವೆಟರ್ ಆದರೂ ಇರಲಿ. ಎಡಗೈಗೆ ಗ್ಲೌಸ್ ಬೇಕೇ ಬೇಕು.

ಆಮೇಲೆ ಪಟ್ಟಿ ಅಂಗೈಯ ಹಿಂಬದಿಗೆ ಚಪ್ಪಟೆಯಾಗಿ ತಾಗುವಂತೆ ಅರ್ಧ ತಿರುವು ಕೊಟ್ಟು ಕೈ ತೂರಿಸಿ. ಅಂಚು ಕೊರೆಯಬಾರದು. ಕೈಯನ್ನು ಹ್ಯಾಂಡ್‌ಸ್ಟಾಪ್‌ವರೆಗೂ, ಅಂದರೆ ರೈಫಲ್ಲಿನ ಕೆಳಗೆ ಕೈ ಮುಂದೆ ಜಾರದಂತೆ ತಡೆಯುವ ತುಂಡಿನವರೆಗೂ ಒತ್ತಿ ಇಡಿ. ಬೆರಳು ಸಡಿಲ ಬಿಡಿ, ರೈಫಲ್ಲನ್ನು ಹಿಡಿಯಬೇಡಿ. ಅದು ಅಂಗೈ ಮೇಲೆ ಸುಮ್ನೆ ಕೂತಿರಬೇಕು ಅಷ್ಟೆ.

ಎಷ್ಟು ಬಿಗಿ ಸಾಕು? ಬಲಗೈ ತೆಗೆದುಬಿಡಿ. ರೈಫಲ್ ಭುಜ ಬಿಟ್ಟು ಜಾರದೆ, ನಳಿಗೆ ಕುಸಿಯದೆ ನಿಂತರೆ ಸಾಕು. ಎಡತೋಳು ಗಟ್ಟಿಯಾಗುತ್ತಿದ್ದರೆ ಪಟ್ಟಿ ಸಡಿಲ ಇದೆ ಎಂದರ್ಥ. ಆಗ ಒಂದು ತೂತು ಬಿಗಿ ಮಾಡಿ. ಕೈ ಜೋಮು ಹಿಡಿದರೆ ಒಂದು ತೂತು ಬಿಡಿ.

ಈಗ ಮುಖ್ಯ ಪರೀಕ್ಷೆ. ಗುರಿ ಇಡಿ, ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲಿಸಿ, ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ. ಎಡಮೊಣಕೈ ಇದ್ದಲ್ಲೇ ಇರಲಿ. ಅದರ ಸುತ್ತ ಸೊಂಟವನ್ನೂ ಕಾಲನ್ನೂ ತುಸು ಸರಿಸಿ ಮತ್ತೆ ನೋಡಿ. ಇದಕ್ಕೆ ತಾಳ್ಮೆ ಬೇಕು, ಆದರೆ ಸ್ಲಿಂಗ್‌ನ ಪೂರ್ತಿ ಲಾಭ ಸಿಗುವುದು ಇಲ್ಲೇ. ಕೈಯಿಂದ ತಿದ್ದಿದ ಗುರಿ ಟ್ರಿಗರ್ ಬಿಡುವ ಗಳಿಗೆಯಲ್ಲಿ ಮತ್ತೆ ಹಳೆಯ ಜಾಗಕ್ಕೆ ಹೋಗುತ್ತದೆ. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬೀಳುತ್ತಿದ್ದರೆ ಉಸಿರು ನಿಲ್ಲಿಸುವ ಜಾಗ ಪ್ರತಿ ಸಲ ಬೇರೆ ಆಗುತ್ತಿದೆಯೇ ಎಂದು ಮೊದಲು ಗಮನಿಸಿ.

ತೊಗಲಿಗೆ ಒಂದು ಗುಣವಿದೆ, ಅದು ಹಿಗ್ಗುತ್ತದೆ. ಬೆವರು, ಮಳೆಗಾಲದ ತೇವ ತಾಗಿದರೆ ಇನ್ನೂ ಜಾಸ್ತಿ. ಹೋದ ತಿಂಗಳು ಸರಿಯಿದ್ದ ತೂತು ಈ ತಿಂಗಳು ಸಡಿಲ ಅನ್ನಿಸಬಹುದು. ಹಾಗಾಗಿ ತೂತುಗಳಿಗೆ ನಂಬರ್ ಹಾಕಿ, ಯಾವುದರಲ್ಲಿ ಹೊಡೆದಿರಿ ಎಂದು ಬರೆದಿಡಿ. ಎಳೆತ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ನಳಿಗೆ ಮರಕ್ಕೆ ತಾಗಿಕೊಂಡಿರುವ ಹಳೆಯ ರೈಫಲ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನೈಲಾನ್ ತೇವಕ್ಕೆ ಅಷ್ಟಾಗಿ ಹೆದರುವುದಿಲ್ಲ, ನಿಜ. ಆದರೆ ಕೆಲವು ಅಗ್ಗದ ಪಟ್ಟಿಗಳು ಬಕ್ಕಲ್‌ನಲ್ಲಿ ಜಾರುತ್ತವೆ. ಒಳ್ಳೆಯ ತೊಗಲು ಕೊಕ್ಕೆ ಹಾಕಿದಲ್ಲೇ ನಿಲ್ಲುತ್ತದೆ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪಟ್ಟಿಯನ್ನು ಚೀಲದಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ ನೆರಳಲ್ಲಿ ತೂಗುಹಾಕಿ. ಬಿಸಿಲಿಗೆ, ಒಲೆ ಹತ್ತಿರ ಇಟ್ಟರೆ ಬಿರಿಯುತ್ತದೆ. ತೊಗಲಿನ ಎಣ್ಣೆಯನ್ನು ಅಪರೂಪಕ್ಕೆ ತೆಳುವಾಗಿ ಸವರಿದರೆ ಸಾಕು. ಜಾಸ್ತಿಯಾದರೆ ಮೆತ್ತಗಾಗಿ ಇನ್ನೂ ಹಿಗ್ಗುತ್ತದೆ. ಹೊಲಿಗೆ ಬಿಚ್ಚಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ಮೇಣದ ದಾರದಲ್ಲಿ ಹೊಲಿಸಿ. ಹೊಸ ತೂತು ಬೇಕಿದ್ದರೂ ಅವರಿಂದಲೇ ಗುಂಡಗೆ ಹಾಕಿಸಿ. ಮೊಳೆಯಿಂದ ಚುಚ್ಚಿದ ತೂತು ಹರಿಯುತ್ತದೆ.

ಸ್ಪರ್ಧೆಯ ನಿಯಮವನ್ನೂ ತಿಳಿದಿರಿ. ಅಂತರರಾಷ್ಟ್ರೀಯ ನಿಯಮದಲ್ಲಿ ಪಟ್ಟಿಯ ಅಗಲ 40 ಮಿಲಿಮೀಟರ್ ದಾಟುವಂತಿಲ್ಲ. ಪ್ರೋನ್‌ನಲ್ಲಿ ಎಡ ಮುಂಗೈ ನೆಲಕ್ಕೆ 30 ಡಿಗ್ರಿಗಿಂತ ಕೆಳಗೆ ಬಾಗಬಾರದು. ಸ್ಲಿಂಗ್ ನಡೆಯುವುದು ಮಲಗಿ ಮತ್ತು ಮಂಡಿಯೂರಿ ಹೊಡೆಯುವಾಗ ಮಾತ್ರ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಮೂರೂ ಭಂಗಿಯ 50 ಮೀಟರ್ ಸ್ಪರ್ಧೆಯಲ್ಲಿ. ಅದರಲ್ಲಿ ಮೂರನೆಯದಾದ ನಿಂತು ಹೊಡೆಯುವ ಸರದಿಗೆ ಸ್ಲಿಂಗ್ ಇಲ್ಲ. ನೀವೂ ಮುಂದೆ ಮೂರು ಭಂಗಿಗೆ ಹೋಗುವುದಾದರೆ ನಿಂತು ಹೊಡೆಯುವ ಅಭ್ಯಾಸವನ್ನು ಈಗಿನಿಂದಲೇ ಪಟ್ಟಿ ಬಿಚ್ಚಿಟ್ಟು ಮಾಡಿ.