ಅಲಾಸ್ಕಾದಲ್ಲಿ ಮಧ್ಯಯುಗ ಮರುಸೃಷ್ಟಿ ಸಂಘಕ್ಕೆ ಊರಿಗೊಂದು ಶಾಖೆ ಏಕೆ?

ಮುಖ್ಯ ಕಾರಣ ದೂರ. ಆಂಕರೇಜ್‌ನಿಂದ ಫೇರ್‌ಬ್ಯಾಂಕ್ಸ್‌ಗೆ ರಸ್ತೆಯಲ್ಲಿ ಸುಮಾರು 580 ಕಿ.ಮೀ.; ಜೂನೋಗಂತೂ ಹೊರಗಿನಿಂದ ರಸ್ತೆಯೇ ಇಲ್ಲ. ಹಿಮ ಬೀಳುವ ಕಾಲದಲ್ಲಿ ವಾರವಾರದ ಕಾದಾಟದ ಅಭ್ಯಾಸಕ್ಕೆ ಅಷ್ಟು ದೂರ ಹೋಗಿಬರುವುದು ಆಗದ ಮಾತು.

ಮಧ್ಯಯುಗದ ಬದುಕು, ಕಾದಾಟಗಳನ್ನು ಮರುಸೃಷ್ಟಿಸುವ ಈ ಸಂಘ, ಅಂದರೆ 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’, ಅಲಾಸ್ಕಾವನ್ನು ‘ಓರ್ಥಾ’ ಎಂಬ ಸಂಸ್ಥಾನವೆಂದು ಕರೆಯುತ್ತದೆ. ಅದರಲ್ಲಿ ಆಂಕರೇಜ್ ಶಾಖೆ ‘ಎಸ್ಕಾಲ್ಯಾ’, ಫೇರ್‌ಬ್ಯಾಂಕ್ಸ್‌ನದು ‘ವಿಂಟರ್ಸ್ ಗೇಟ್’.

ಸಣ್ಣ ಶಾಖೆ, ಅಂದರೆ ‘ಶೈರ್’, ಶುರುವಾಗಲು ಕನಿಷ್ಠ 5 ಸದಸ್ಯರು ಸಾಕು. ಆದರೆ ಆಡಳಿತ ನೋಡುವ ಸೆನೆಶಲ್, ಹಣ ನೋಡುವ ಖಜಾಂಚಿ ಇರಲೇಬೇಕು. ಸಣ್ಣ ಊರಲ್ಲಿ ಈ ಇಬ್ಬರಲ್ಲಿ ಒಬ್ಬರು ವಲಸೆ ಹೋದರೂ ಶಾಖೆ ಅಲುಗಾಡುತ್ತದೆ. ದೊಡ್ಡ ಶಾಖೆ, ಅಂದರೆ ‘ಬ್ಯಾರನಿ’, ಆಗಲು 25 ಸದಸ್ಯರು ಬೇಕು.

ಕಾದಾಟವಿದ್ದರೆ ಮಾರ್ಷಲ್ ಎಂಬ ಸುರಕ್ಷತಾ ಮೇಲ್ವಿಚಾರಕರು ಬೇಕೇ ಬೇಕು. ಕತ್ತಿಗಳು ಬೆತ್ತದವು, ದಪ್ಪ ಒಂದೂಕಾಲು ಇಂಚಿಗಿಂತ ಕಡಿಮೆ ಇರಬಾರದು, ಸಿಬಿರು ಏಳದಂತೆ ಮೇಲೆ ಟೇಪ್ ಸುತ್ತಿರಬೇಕು. ಶಿರಸ್ತ್ರಾಣದ ಮುಖದ ಸರಳುಗಳ ನಡುವೆ ಒಂದು ಇಂಚು ದಪ್ಪದ ಕೋಲು ತೂರಬಾರದು. ತೂರಿದರೆ ಕತ್ತಿಯ ತುದಿ ಕಣ್ಣಿನವರೆಗೂ ಬಂದೀತು. ಅಂಥ ಶಿರಸ್ತ್ರಾಣ ತೊಟ್ಟವರನ್ನು ಕಣಕ್ಕೆ ಇಳಿಸುವುದಿಲ್ಲ.